ಮಣ್ಣು ಮುಗಿಯಿತು

ಕುಮಾಸಿಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತ ಮಧ್ಯಾಹ್ನ
ಡಾಕ್ಟರ್ ಬಾಫೊ ಬೋರ್ಡಿನ ಮೇಲೆ ಬರೆದರು:
ಪಿ ವರ್ಗ, ಎರಡು ಪಿಕ್ಯೂ, ಕ್ಯೂ ವರ್ಗ.
ಕೂಡಿದರೆ ಒಂದು. ಯಾವಾಗಲೂ ಒಂದು.
"ಷರತ್ತುಗಳಿವೆ," ಅಂದರು ಬೆರಳ ಸುಣ್ಣ ಊದುತ್ತ,
"ಊರು ಬಲು ದೊಡ್ಡದಿರಬೇಕು,
ಬರುವವರು ಹೋಗುವವರು ಇರಬಾರದು,
ಯಾರೂ ಯಾರನ್ನೂ ಆರಿಸಿ ಮದುವೆಯಾಗಬಾರದು."
ಹಿಂದಿನ ಬೆಂಚಿನಿಂದ ದುಫಿಯೆ ಕೇಳಿದಳು,
"ಅಂಥ ಊರಿಗೆ ವ್ಯಾನು ಎಲ್ಲಿ ಸಿಗುತ್ತದೆ ಸರ್?"
ನಕ್ಕೆವು. ಪರೀಕ್ಷೆಗೆ ಅದೇ ಬಂತು,
ವ್ಯಾನೊಂದು ಬಿಟ್ಟು.

ನನ್ನ ಪ್ರಬಂಧ ಸಣ್ಣದು.
ಹಿಮ್ಮಡಿ ಚುಚ್ಚಿಸಿಕೊಂಡ ಕೂಸುಗಳಲ್ಲಿ
ಕ್ಲಿನಿಕ್ಕಿಗೆ ಮರಳಿದವು ಎಷ್ಟು?
ಸಾವಿರದ ನೂರಾ ಹನ್ನೆರಡು ಕಾರ್ಡು,
ಒಂದೊಂದರಲ್ಲಿ ಐದು ವೃತ್ತ,
ಒಣಗಿದ ರಕ್ತ, ಹುಣಿಸೆಬೀಜದ ಬಣ್ಣ.
ಕುಡುಗೋಲಿನ ಕಣವಿದೆ ಎಂದು ತಿಳಿದದ್ದು ಹತ್ತೊಂಬತ್ತರಲ್ಲಿ.
ಬಂದವರು ಹದಿನೆಂಟು.
ಉಳಿದ ಸಾಲಿನೆದುರು ಯಾರೋ ಟೈಪು ಮಾಡಿದ್ದರು:
ಸಂಪರ್ಕ ತಪ್ಪಿದೆ.

ವಿಳಾಸದಲ್ಲಿ ಬೀದಿಯಿಲ್ಲ, ನಂಬರಿಲ್ಲ.
'ಸುವಾಮೆ, ಗೇರ್‌ಬಾಕ್ಸ್ ಅಂಗಡಿಗಳ ಹಿಂದೆ,
ಸುಟ್ಟ ಬಸ್ಸಿನ ಹತ್ತಿರ ಕೆಂಕೆ ಮಾರುವವಳನ್ನು ಕೇಳಿ.'
ಹೋದೆ. ಬಸ್ಸಿರಲಿಲ್ಲ,
ಬಿಡಿಭಾಗವಾಗಿ ಎಂದೋ ಮಾರಾಟವಾಗಿತ್ತು.
ಕೆಂಕೆಯವಳು ಇದ್ದಳು, ಬೆರಳು ತೋರಿಸಿದಳು.
ಎಣ್ಣೆ ಕುಡಿದ ಕಪ್ಪು ನೆಲ, ವೆಲ್ಡಿಂಗಿನ ಕಿಡಿ,
ತಗಡಿನ ಬಾಗಿಲಲ್ಲಿ ಒಬ್ಬ ಅಜ್ಜಿ,
ಮಡಿಲಲ್ಲಿ ಕೂಸು.
ತಾಯಿ ಟೊಮೇಟೊ ತರಲು ಟೆಚಿಮಾನಿಗೆ ಹೋಗಿದ್ದಾಳೆ.

"ನಿಮ್ಮ ಹೆಸರು?"
"ಅಸಾಸೆಯಾಸಾ."
ನನ್ನದೂ ತ್ವಿ ನುಡಿಯೇ. ಪೆನ್ನು ತಡೆಯಿತು.
ಮಣ್ಣು ಮುಗಿಯಿತು.
ಅದು ಹೆಸರು.
"ನನಗಿಂತ ಮುಂಚೆ ಆರು. ಹೂಳಿ ಹೂಳಿ ಅಪ್ಪ ಸೋತಿದ್ದ.
ಹೂಳಲು ಇನ್ನು ಜಾಗವಿಲ್ಲ, ನೀನು ಇಲ್ಲೇ ಇರು
ಅಂತ ಹಾಗೆ ಕರೆದ. ಇದ್ದೇನೆ ನೋಡು.
ಪಕ್ಕದ ಮನೆಯವಳಿಗೆ ಸುಮಿನಾ ಅಂತಿಟ್ಟರು, ತಿಪ್ಪೆ.
ತಿಪ್ಪೆಯನ್ನು ಯಾರು ಕದಿಯುತ್ತಾರೆ?
ಕದ್ದರು, ಏಳನೇ ವರ್ಷಕ್ಕೆ.
ಮೊಣಕಾಲು ಹಿಡಿದುಕೊಂಡು ರಾತ್ರಿಯಿಡೀ ಅಳುತ್ತಿತ್ತು ಹುಡುಗಿ."

ಮಲೇರಿಯಾ ಇರಬಹುದು, ದಡಾರ ಇರಬಹುದು,
ಆರಕ್ಕೆ ಆರೂ ಇದೇ ಎನ್ನಲು ದಾಖಲೆಯಿಲ್ಲ,
ಒಳಗೊಳಗೇ ಕೆಮ್ಮಿತು ನನ್ನ ಓದು.
ಬಾಯಿಗೆ ಬರಗೊಡಲಿಲ್ಲ.
ಫಾರಮ್ಮಿನ ಬೆನ್ನ ಮೇಲೆ ನಾಲ್ಕು ಚೌಕ ಬರೆದು
ನಾಲ್ಕರಲ್ಲೊಂದು, ಪ್ರತಿ ಸಲವೂ ಹೊಸದಾಗಿ, ಅಂದೆ.
ಅಜ್ಜಿ ಚೌಕವನ್ನು ನೋಡಿದಳು,
ಸಂತೆಯಲ್ಲಿ ಬಟ್ಟೆ ನೋಡುವ ಹಾಗೆ, ಅಂಚು ಹಿಡಿದು.
"ನಿನ್ನ ರಕ್ತ?"
"ಒಂದು ಸರಿ, ಒಂದು ಕುಡುಗೋಲು."
"ಅವನದು?"

ಅವನೊಬ್ಬ ಇದ್ದಾನೆ ಅಂತ ನಾನು ಹೇಳಿರಲೇ ಇಲ್ಲ.
ಒಬುವಾಸಿಯ ಗಣಿ ಆಫೀಸಿನಲ್ಲಿದ್ದಾನೆ ಯಿಯಾಡೊಮ್.
ಮೂರು ತಿಂಗಳಿಂದ ಮುಂದಿನ ವಾರ ಅನ್ನುತ್ತಾನೆ,
ಒಂದು ಹನಿಗೆ.
ನಾನೂ ಗಟ್ಟಿಯಾಗಿ ಕೇಳಿಲ್ಲ.
ಊರೂರು ತಿರುಗಿ ಕೇಳಿಸುವುದು ನನ್ನ ಪದವಿ.

ಪೆನಿಸಿಲಿನ್ ಸೀಸೆ ಕೊಟ್ಟೆ,
ಕಿತ್ತಳೆ ಬಣ್ಣದ ಪುಟ್ಟ ಚಮಚ ಕೊಟ್ಟೆ,
ದಿನಕ್ಕೆರಡು ಸಲ, ತಪ್ಪಬಾರದು.
ಗುರುವಾರ ಬಂದರು ಮೂವರೂ,
ಅಜ್ಜಿ ಎಲ್ಲರಿಗಿಂತ ಮುಂದೆ.
ಹತ್ತೊಂಬತ್ತಕ್ಕೆ ಹತ್ತೊಂಬತ್ತು. ಕೋಷ್ಟಕ ಮೂರು
ಈಗ ನೋಡಲು ಸುಳ್ಳಿನ ಹಾಗಿದೆ.

ಬಾಫೊ ಅಂಚಿನಲ್ಲಿ ಬರೆದರು:
ಒಂದು ಕತೆ ದತ್ತಾಂಶವಲ್ಲ. ಕೂಸಿನ ಹೆಸರು ತೆಗೆ, ಸಂಖ್ಯೆ ಹಾಕು.
ಸರಿಯೇ. ತೆಗೆದೆ. ನಾನೂರ ಹದಿನೇಳು.
ಅಜ್ಜಿಯದು ಹೇಳಬಹುದು, ಹೇಳು ಅಂದದ್ದು ಅವಳೇ.
ಕೂಸಿನದು ಇಲ್ಲೂ ಹೇಳುವ ಹಾಗಿಲ್ಲ.

ತಿಪ್ಪೆಯಲ್ಲ, ಮಣ್ಣಲ್ಲ.
ಈ ಸಲ ಧೈರ್ಯ ಮಾಡಿ
ಚಂದದ್ದೇ ಒಂದು ಇಟ್ಟಿದ್ದಾರೆ.